ಲ್ಯಾಬಿನಲ್ಲಿ ಚರ್ಮ ಬೆಳೆಯಲು ಮೂರು ವಾರ ಬೇಕು, ಅಲ್ಲಿಯವರೆಗೆ ಜೀವ ಕಾಯುವುದು ಏನು?

*ಆರೋಗ್ಯ ಮಾಲೆ: ಪುಣೆಯ ಕನ್ನಡ ಕುಟುಂಬಗಳಿಗಾಗಿ*



"ಒಂದು ಚೂರು ಚರ್ಮ ತೆಗೆದು ಲ್ಯಾಬಿನಲ್ಲಿ ಇಡೀ ಮೈಗಾಗುವಷ್ಟು ಬೆಳೆಸ್ತಾರಂತೆ, ಸುಟ್ಟವರಿಗೆ ಹಾಕ್ತಾರಂತೆ, ನಿಜವಾ?" ಎಂದು ಹಲವರು ಕೇಳಿದ್ದೀರಿ. ನಿಜ. ಅದು ನಲವತ್ತು ವರ್ಷ ದಾಟಿದ ವಿದ್ಯೆ. ಆದರೆ ಅದರ ಜೊತೆಗೆ ತಿಳಿದಿರಬೇಕಾದ ಇನ್ನೊಂದು ವಿಷಯವಿದೆ, ವಿಡಿಯೋಗಳಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಅದು ನಮ್ಮ ನಿಮ್ಮ ಮನೆಗೆ ಸಂಬಂಧಿಸಿದ್ದು. ಸ್ವಲ್ಪ ಉದ್ದದ ಲೇಖನ, ಪುರುಸೊತ್ತಿನಲ್ಲಿ ಓದಿ.

*ಚರ್ಮ ಅಂದರೆ ಎರಡು ಪದರ*

ದೊಡ್ಡವರ ಮೈಮೇಲಿನ ಚರ್ಮವನ್ನೆಲ್ಲ ಬಿಚ್ಚಿ ಹಾಸಿದರೆ ಒಂದೂವರೆಯಿಂದ ಎರಡು ಚದರ ಮೀಟರ್ ಆಗುತ್ತದೆ. ಅದರಲ್ಲಿ ಮುಖ್ಯವಾಗಿ ಎರಡು ಪದರ. ಮೇಲಿನದು ಕಾಗದದಷ್ಟು ತೆಳು. ನೀರು ಹೊರಗೆ ಹೋಗದಂತೆ, ರೋಗಾಣು ಒಳಗೆ ಬರದಂತೆ ಕಾಯುವುದು ಅದರ ಕೆಲಸ. ಕೆಳಗಿನದು ದಪ್ಪ. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲ ಬುಡ ಎಲ್ಲ ಇರುವುದು ಅಲ್ಲಿ. ಚರ್ಮಕ್ಕೆ ಗಟ್ಟಿತನ, ಎಳೆದರೆ ಮತ್ತೆ ಮೊದಲಿನಂತಾಗುವ ಗುಣ ಬರುವುದೂ ಅಲ್ಲಿಂದಲೇ.

ಮೇಲಿನ ಪದರವನ್ನು ಭತ್ತದ ಸಸಿ ಎಂದುಕೊಳ್ಳಿ, ಕೆಳಗಿನದನ್ನು ಗದ್ದೆಯ ಮಣ್ಣು. ಮುಂದೆ ಈ ಮಾತು ಬೇಕಾಗುತ್ತದೆ.

ಒಗ್ಗರಣೆ ಸಿಡಿದು ಕೈ ಕೆಂಪಾದರೆ, ಸಣ್ಣ ಬೊಬ್ಬೆ ಎದ್ದರೆ, ಒಂದೆರಡು ವಾರದಲ್ಲಿ ತಾನೇ ಮಾಯುತ್ತದೆ. ಹೊಸ ಚರ್ಮ ಹುಟ್ಟಿಸುವ ಬೀಜದ ಕೋಶಗಳು ಕೂದಲ ಬುಡದಲ್ಲಿ, ಬೆವರಿನ ಗ್ರಂಥಿಗಳಲ್ಲಿ ಉಳಿದಿರುತ್ತವೆ. ಬೆಂಕಿ ಎರಡೂ ಪದರವನ್ನು ಸುಟ್ಟರೆ ಬೀಜವೂ ಇಲ್ಲ, ಮಣ್ಣೂ ಇಲ್ಲ. ಅಂಥ ಗಾಯ ಬೆಳ್ಳಗೋ ಕಂದಾಗಿಯೋ ಚರ್ಮದ ಚಪ್ಪಲಿಯ ಹಾಗೆ ಗಟ್ಟಿಯಾಗಿರುತ್ತದೆ, ಮುಟ್ಟಿದರೆ ನೋವೇ ಇರುವುದಿಲ್ಲ. ನೋವಿಲ್ಲ ಎಂದು ಸಮಾಧಾನಪಡುವವರು ಇದ್ದಾರೆ. ನರಗಳೂ ಸುಟ್ಟಿವೆ ಎಂದು ಅದರ ಅರ್ಥ, ಗಾಬರಿಯಾಗಬೇಕಾದದ್ದು ಅಲ್ಲೇ.

ಹೀಗೆ ಆಳಕ್ಕೆ ಸುಟ್ಟ ಜಾಗಕ್ಕೆ ರೋಗಿಯ ತೊಡೆಯಿಂದಲೋ ಬೆನ್ನಿನಿಂದಲೋ ತೆಳ್ಳನೆ ಚರ್ಮ ತೆಗೆದು ಕಸಿ ಮಾಡುತ್ತಾರೆ. ತೆಗೆದ ಚರ್ಮವನ್ನು ಜಾಲರಿಯಂತೆ ಕತ್ತರಿಸಿ ಹಿಗ್ಗಿಸಿ ಹೊದಿಸುವುದೂ ಉಂಟು. ಇಂದಿಗೂ ಲೋಕದಾದ್ಯಂತ ಹೆಚ್ಚಿನ ಸುಟ್ಟಗಾಯಗಳಿಗೆ ಇದೇ ಚಿಕಿತ್ಸೆ. ಆದರೆ ಮೈಯ ಮುಕ್ಕಾಲು ಪಾಲು ಸುಟ್ಟುಹೋದರೆ ತೆಗೆಯಲು ಚರ್ಮವೇ ಎಲ್ಲಿದೆ? ಲ್ಯಾಬಿನ ಚರ್ಮ ಬೇಕಾಗುವುದು ಆಗ.

*ಒಂದು ಚಮಚ ಹೆಪ್ಪು*

1975ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಎಂಬ ವಿಜ್ಞಾನಿಗಳು ಮನುಷ್ಯನ ಮೇಲ್ಪದರದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ದಾರಿ ಕಂಡುಕೊಂಡರು. ಅಲ್ಲಿಯವರೆಗೆ ಈ ಕೋಶಗಳು ಮೈಯಿಂದ ಹೊರಗೆ ಬಂದರೆ ಕೆಲವೇ ದಿನಕ್ಕೆ ಸೊರಗುತ್ತಿದ್ದವು. ಇವರು ತಟ್ಟೆಯ ತಳದಲ್ಲಿ ಇಲಿಯ ಕೋಶಗಳನ್ನು ಹಾಸಿದರು. ವಿಕಿರಣ ಕೊಟ್ಟು ಆ ಇಲಿ ಕೋಶಗಳು ತಾವು ಹೆಚ್ಚಾಗದಂತೆ ಮಾಡಿದ್ದರು. ಅವು ಬಾಣಂತಿಯ ಆರೈಕೆಗೆ ನಿಂತ ಅಜ್ಜಿಯ ಹಾಗೆ, ತಾವು ಬೆಳೆಯದೆ ಮನುಷ್ಯನ ಕೋಶಗಳನ್ನು ಸಾಕಿದವು.

ಕೆಲಸ ನಡೆಯುವ ಬಗೆ ಹೀಗೆ: ಸುಡದೆ ಉಳಿದ ಜಾಗದಿಂದ ಅಂಚೆಚೀಟಿಯಷ್ಟು ಚರ್ಮ ತೆಗೆಯುತ್ತಾರೆ. ಕಿಣ್ವ ಹಾಕಿ ಕೋಶ ಕೋಶ ಬಿಡಿಸುತ್ತಾರೆ. ಪೌಷ್ಟಿಕ ದ್ರವದಲ್ಲಿ, ಮೈಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರು ಮಾಡುವ ಹಾಗೆ ಕೋಶಗಳು ಎರಡಾಗಿ, ನಾಲ್ಕಾಗಿ ತಟ್ಟೆ ತುಂಬುತ್ತವೆ. ಮೂರು ನಾಲ್ಕು ವಾರದಲ್ಲಿ ಕೆಲವು ಸಾವಿರ ಪಟ್ಟು ಹೆಚ್ಚಿ ತೆಳ್ಳನೆಯ ಹಾಳೆಗಳಾಗುತ್ತವೆ. ರೋಗಿಯದೇ ಕೋಶವಾದ್ದರಿಂದ ಮೈ ಅದನ್ನು ಪರಕೀಯ ಎಂದು ತಳ್ಳುವುದಿಲ್ಲ.

1983ರಲ್ಲಿ ಅಮೆರಿಕದಲ್ಲಿ ಐದು ಮತ್ತು ಆರು ವರ್ಷದ ಅಣ್ಣತಮ್ಮಂದಿರಿಬ್ಬರು ಬಣ್ಣ ತೊಳೆಯುವ ದ್ರಾವಣಕ್ಕೆ ಬೆಂಕಿ ಹೊತ್ತಿ ಸುಟ್ಟುಕೊಂಡರು. ಇಬ್ಬರ ಮೈಯೂ ನೂರಕ್ಕೆ 95ಕ್ಕಿಂತ ಹೆಚ್ಚು ಸುಟ್ಟಿತ್ತು. ಅಂಥ ಮಕ್ಕಳು ಉಳಿಯುವುದು ಆ ಕಾಲಕ್ಕೆ ಕೇಳರಿಯದ ಮಾತು. ಬಾಸ್ಟನ್ನಿನ ಶ್ರೈನರ್ಸ್ ಸುಟ್ಟಗಾಯ ಆಸ್ಪತ್ರೆಯಲ್ಲಿ ಗ್ರೀನ್ ಅವರ ಲ್ಯಾಬಿನ ಚರ್ಮದಿಂದ ಅವರ ಮೈಯ ಅರ್ಧದಷ್ಟನ್ನು ಮುಚ್ಚಲಾಯಿತು. ಇಬ್ಬರೂ ಬದುಕಿದರು. 1984ರಲ್ಲಿ ಈ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಜಗತ್ತು ಈ ವಿದ್ಯೆಯನ್ನು ಗಂಭೀರವಾಗಿ ತೆಗೆದುಕೊಂಡಿತು.

ಇದೇ ವಿದ್ಯೆಯ ಮುಂದಿನ ಹೆಜ್ಜೆಯೊಂದನ್ನು ಜರ್ಮನಿಯಲ್ಲಿ ನೋಡಿದೆವು. 2015ರಲ್ಲಿ ಬೋಕುಮ್ ಊರಿನ ಆಸ್ಪತ್ರೆಗೆ ಸಿರಿಯಾದಿಂದ ವಲಸೆ ಬಂದ ಕುಟುಂಬದ ಏಳು ವರ್ಷದ ಹುಡುಗ ಬಂದ. ಅವನದು ಸುಟ್ಟಗಾಯವಲ್ಲ, ಚರ್ಮ ಮುಟ್ಟಿದರೆ ಕಿತ್ತುಬರುವ ಹುಟ್ಟುರೋಗ. ಇಟಲಿಯ ಮಿಕೆಲೆ ಡಿ ಲೂಕಾ ಅವರ ತಂಡ ಅವನ ಕೋಶದ ಜೀನನ್ನೇ ಸರಿಪಡಿಸಿ, ಬೆಳೆಸಿ, ಮೈಯ ಶೇ 80ರಷ್ಟು ಮೇಲ್ಚರ್ಮವನ್ನು ಹೊಸದಾಗಿ ಹೊದಿಸಿತು. ಹುಡುಗ ಮತ್ತೆ ಶಾಲೆಗೆ ಹೋದ.

*ಸಸಿ ಇದೆ, ಮಣ್ಣೆಲ್ಲಿ?*

ಈಗ ವಿಡಿಯೋಗಳು ಹೇಳದ ಭಾಗಕ್ಕೆ ಬರೋಣ.

ಲ್ಯಾಬಿನ ಹಾಳೆ ಕೆಲವೇ ಕೋಶಗಳಷ್ಟು ದಪ್ಪ. ಅದು ಬರೀ ಮೇಲ್ಪದರ, ಅಂದರೆ ಸಸಿ. ಕೆಳಗೆ ಮಣ್ಣಿಲ್ಲದೆ ಹಸಿ ಗಾಯದ ಮೇಲೆ ನೇರವಾಗಿ ಹಾಕಿದರೆ ಎಷ್ಟೋ ಸಲ ಹಿಡಿಯುವುದಿಲ್ಲ. ಹಿಡಿದರೂ ತಿಂಗಳುಗಟ್ಟಲೆ ಸಣ್ಣ ಉಜ್ಜಾಟಕ್ಕೇ ಬೊಬ್ಬೆ ಏಳುತ್ತದೆ. ಸ್ವಲ್ಪ ಸೋಂಕು ತಗಲಿದರೂ ಕರಗಿಹೋಗುತ್ತದೆ. ಬೆವರಿನ ಗ್ರಂಥಿ ಇಲ್ಲ, ಕೂದಲಿಲ್ಲ. ಮೈಯ ಹೆಚ್ಚು ಭಾಗ ಹೀಗೆ ಮುಚ್ಚಿದವರು ಪುಣೆಯ ಏಪ್ರಿಲ್ ಮೇ ಬಿಸಿಲಿನಲ್ಲಿ ಮೈ ತಣಿಯದೆ ಒದ್ದಾಡುತ್ತಾರೆ. ಖರ್ಚಂತೂ ಸಾಮಾನ್ಯರ ಅಳತೆಗೆ ಮೀರಿದ್ದು.

1986ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಕ್ಯುವೊನೊ ಇದಕ್ಕೊಂದು ಉಪಾಯ ತೋರಿಸಿದರು. ತೀರಿಕೊಂಡವರು ದಾನ ಕೊಟ್ಟ ಚರ್ಮವನ್ನು ಮೊದಲು ಗಾಯಕ್ಕೆ ಹೊದಿಸುವುದು. ಅದರ ಮೇಲ್ಪದರವನ್ನು ರೋಗಿಯ ಮೈ ಕೆಲ ವಾರಗಳಲ್ಲಿ ತಿರಸ್ಕರಿಸುತ್ತದೆ, ಆದರೆ ಕೆಳಪದರವನ್ನು ಹೆಚ್ಚುಕಮ್ಮಿ ಸಹಿಸಿಕೊಳ್ಳುತ್ತದೆ. ಲ್ಯಾಬಿನ ಹಾಳೆ ಸಿದ್ಧವಾಗುವ ಹೊತ್ತಿಗೆ ದಾನದ ಚರ್ಮದ ಮೇಲ್ಪದರವನ್ನು ಕೆರೆದು ತೆಗೆದು, ಉಳಿದ ಕೆಳಪದರದ ಮೇಲೆ ರೋಗಿಯದೇ ಹೊಸ ಹಾಳೆ ಕೂರಿಸುವುದು. ಮಣ್ಣು ಒಬ್ಬರದು, ಸಸಿ ಇನ್ನೊಬ್ಬರದು.

ಲ್ಯಾಬಿನ ಚರ್ಮ ಎಂಬ ಇಷ್ಟು ದೊಡ್ಡ ವಿಜ್ಞಾನವೂ ಯಾರೋ ಒಬ್ಬರ ಮನೆಯವರು ಅಳುತ್ತಲೇ "ಆಗಲಿ, ತಗೊಳ್ಳಿ" ಎಂದ ಆ ಒಂದು ಮಾತಿಗೆ ಕಾದು ನಿಲ್ಲುತ್ತದೆ. ಈ ಲೇಖನದಲ್ಲಿ ನೆನಪಿಡಬೇಕಾದ್ದು ಇದು. ಲ್ಯಾಬಿನ ಚರ್ಮ ಹಾಕಲಿ ಬಿಡಲಿ, ಆ ಮೂರು ವಾರ ಗಾಯ ತೆರೆದಿದ್ದರೆ ಮೈಯ ನೀರು, ಪ್ರೊಟೀನು, ಶಾಖ ಸೋರುತ್ತಲೇ ಇರುತ್ತದೆ, ರೋಗಾಣು ಒಳಗೆ ನುಗ್ಗುತ್ತದೆ. ದೊಡ್ಡ ಸುಟ್ಟಗಾಯದವರು ಮೊದಲ ದಿನಗಳನ್ನು ದಾಟಿದ ಮೇಲೂ ತೀರಿಕೊಳ್ಳುವುದು ಹೆಚ್ಚಾಗಿ ಸೋಂಕಿನಿಂದ. ದಾನದ ಚರ್ಮ ಹೊದಿಸಿದರೆ ನೋವು ಇಳಿಯುತ್ತದೆ, ಸೋರಿಕೆ ನಿಲ್ಲುತ್ತದೆ, ಮೈಗೆ ಉಸಿರಾಡಲು ಸಮಯ ಸಿಗುತ್ತದೆ.

ಕಾಯುವ ಕಾಲವನ್ನೇ ಕಡಿಮೆ ಮಾಡಿದವರೂ ಇದ್ದಾರೆ. ಆಸ್ಟ್ರೇಲಿಯಾದ ಪರ್ತ್‌ನ ಪ್ಲಾಸ್ಟಿಕ್ ಸರ್ಜನ್ ಫಿಯೋನಾ ವುಡ್, ಮೂರು ವಾರದ ಕೆಲಸವನ್ನು ಐದು ದಿನಕ್ಕೆ ಇಳಿಸಿ, ಹಾಳೆಯ ಬದಲು ಬಿಡಿ ಕೋಶಗಳನ್ನೇ ಗಾಯದ ಮೇಲೆ ಸಿಂಪಡಿಸುವ ವಿಧಾನ ತಂದರು. 2002ರ ಬಾಲಿ ಬಾಂಬ್ ಸ್ಫೋಟದಲ್ಲಿ ಸುಟ್ಟ 28 ಮಂದಿ ಅವರ ಆಸ್ಪತ್ರೆಗೆ ಬಂದಾಗ ಈ ಸ್ಪ್ರೇ ಲೋಕಕ್ಕೆ ಗೊತ್ತಾಯಿತು. ಇದರ ಮುಂದಿನ ರೂಪವಾದ ರೀಸೆಲ್ ಎಂಬ ಕಿಟ್‌ನಲ್ಲಿ ಲ್ಯಾಬೇ ಬೇಡ. ಆಪರೇಷನ್ ಥಿಯೇಟರಿನಲ್ಲೇ ಅರ್ಧ ಗಂಟೆಯಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮದಿಂದ 80 ಚದರ ಸೆಂಟಿಮೀಟರ್‌ಗಾಗುವಷ್ಟು ಕೋಶದ ದ್ರವ ತಯಾರಿಸುತ್ತಾರೆ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಪೂರ್ತಿ ಆಳಕ್ಕೆ ಸುಟ್ಟಲ್ಲಿ ಇದನ್ನೂ ಜಾಲರಿ ಕಸಿಯ ಜೊತೆಗೇ ಬಳಸಬೇಕು. ಬೀಜ ಎರಚಿದರೂ ಮಣ್ಣು ಬೇಕಲ್ಲ.

*ನಮ್ಮ ಪುಣೆಯಲ್ಲಿ ಏನಿದೆ?*

ಗಣೇಶಖಿಂಡದ ಕಡೆ ವಿದ್ಯಾಪೀಠದ ಆವರಣದಲ್ಲಿ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ ಇದೆ, ಎನ್‌ಸಿಸಿಎಸ್ ಎನ್ನುತ್ತಾರೆ. ದೇಶದ ಸಂಶೋಧನಾಲಯಗಳಿಗೆ ಜೀವಕೋಶಗಳನ್ನು ಕಾಪಿಟ್ಟು ಕೊಡುವ ಭಂಡಾರ ಅದು. ಸುಟ್ಟಗಾಯಕ್ಕೂ ತೊನ್ನಿಗೂ ಮನುಷ್ಯನ ಚರ್ಮವನ್ನು ಲ್ಯಾಬಿನಲ್ಲಿ ಬೆಳೆಸುವ ಕೆಲಸ ಅಲ್ಲಿಯೂ ನಡೆದಿದೆ. ದಿನಾ ಔಂಧ್ ಕಡೆ ಬಸ್ಸಿನಲ್ಲಿ ಹೋಗುವ ನಮ್ಮವರಿಗೆ ಆ ಗೇಟಿನ ಹಿಂದೆ ಏನಿದೆ ಎಂದೇ ಗೊತ್ತಿಲ್ಲ!

ಹಾಗೆಂದು ನಮ್ಮ ದೇಶದಲ್ಲಿ ಲ್ಯಾಬಿನ ಚರ್ಮ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಯಾರಾದರೂ "ಸ್ಟೆಮ್ ಸೆಲ್ ಹಾಕಿ ಕಲೆಯಿಲ್ಲದ ಚರ್ಮ ಬರಿಸುತ್ತೇವೆ, ಇಷ್ಟು ಲಕ್ಷ ಕಟ್ಟಿ" ಎಂದರೆ ಅಲ್ಲಿಯೇ ನಿಲ್ಲಿ. ಇದು ಸರ್ಕಾರ ಒಪ್ಪಿದ ಚಿಕಿತ್ಸೆಯೋ, ಪ್ರಯೋಗವೋ ಎಂದು ಕೇಳಿ. ಪ್ರಯೋಗ ಎಂದರೆ ಅದು ಸರ್ಕಾರದ ಟ್ರಯಲ್ ನೋಂದಣಿಯಲ್ಲಿ ಇರಬೇಕು, ಪ್ರಯೋಗದ ಔಷಧಿಗೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಮನೆಯವರು ಸುಟ್ಟು ಮಲಗಿರುವಾಗ ಹೊಲ ಮಾರಿಯಾದರೂ ಕಟ್ಟೋಣ ಅನಿಸುತ್ತದೆ, ಮೋಸ ಮಾಡುವವರಿಗೆ ಅದು ಗೊತ್ತು.

ನಮಗೆ ನಿಜವಾಗಿ ಒದಗುವುದು ಸ್ಕಿನ್ ಬ್ಯಾಂಕ್. ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ ಡಾ. ಮಾಧುರಿ ಗೋರೆ 2000ದಲ್ಲಿ ಇದನ್ನು ಶುರು ಮಾಡಿದರು. (ಬಾಳೆ ಎಲೆಯನ್ನು ಶುದ್ಧಗೊಳಿಸಿ ಸುಟ್ಟಗಾಯಕ್ಕೆ ಅಂಟದ ಪಟ್ಟಿಯಾಗಿ ಬಳಸಬಹುದು ಎಂದು ಪರೀಕ್ಷಿಸಿ ತೋರಿಸಿದವರೂ ಅವರೇ. ಆಸ್ಪತ್ರೆಯಲ್ಲಿ ಮಾಡುವ ಕೆಲಸ ಅದು, ಮನೆಯಲ್ಲಿ ಊಟದ ಎಲೆ ಸುತ್ತಬೇಡಿ.) ನವಿ ಮುಂಬಯಿಯ ಐರೋಳಿಯಲ್ಲಿ ನ್ಯಾಷನಲ್ ಬರ್ನ್ಸ್ ಸೆಂಟರ್ ಇದೆ. ಪುಣೆಯಲ್ಲಿ ಕಸಬಾ ಪೇಠದ ಸೂರ್ಯ ಸಹ್ಯಾದ್ರಿ ಆಸ್ಪತ್ರೆಯಲ್ಲಿ ಸ್ಕಿನ್ ಬ್ಯಾಂಕ್ ನಡೆದುಬಂದಿದೆ. ಸರ್ಕಾರಿ ಆಸ್ಪತ್ರೆ ಬೇಕೆಂದರೆ ಸ್ಟೇಷನ್ ಹತ್ತಿರದ ಸಸೂನ್. ಊರ ಕಡೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಿಂದ ಸ್ಕಿನ್ ಬ್ಯಾಂಕ್ ಇದೆ, ಬೆಳಗಾವಿಯ ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆಯಲ್ಲೂ ಇದೆ. ದೇಶದಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಜನ ಸುಟ್ಟುಕೊಳ್ಳುತ್ತಾರೆ ಎಂಬುದು ಕೇಂದ್ರ ಸರ್ಕಾರದ ಕಾರ್ಯಕ್ರಮ ಬಳಸುವ ಅಂದಾಜು. ಅದರ ಮುಂದೆ ಈ ಬ್ಯಾಂಕುಗಳಲ್ಲಿರುವ ಚರ್ಮ ಏನೇನೂ ಸಾಲದು.

*ಮೊದಲ ಇಪ್ಪತ್ತು ನಿಮಿಷ ನಿಮ್ಮ ಕೈಯಲ್ಲಿ*

ಬಾಡಿಗೆ ಮನೆಯ ಇಕ್ಕಟ್ಟಿನ ಅಡುಗೆಮನೆ, ನೆಲದ ಮೇಲೆ ಸಣ್ಣ ಗ್ಯಾಸ್ ಒಲೆ, ಮೈಮೇಲೆ ನೈಲಾನ್ ನೈಟಿ, ಪಕ್ಕದಲ್ಲೇ ತೆವಳುವ ಮಗು, ಬಚ್ಚಲಲ್ಲಿ ಕೊತಕೊತ ಬಕೆಟ್ ನೀರು. ನಮ್ಮ ಮನೆಗಳಲ್ಲಿ ಅಪಾಯ ಇರುವುದು ಇಲ್ಲೇ.

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ, ನೆಲಕ್ಕೆ ಬಿದ್ದು ಉರುಳಿ. ಬೆಂಕಿ ಆರಿದ ಕೂಡಲೇ ನಲ್ಲಿಯ ತಣ್ಣೀರು, ಪೂರ್ತಿ 20 ನಿಮಿಷ, ಗಡಿಯಾರ ನೋಡಿಕೊಂಡು. ಮೇಲೆ ಬೆಂಕಿ ಆರಿದರೂ ಒಳಗಿನ ಶಾಖ ಆಳದ ಪದರವನ್ನು ಬೇಯಿಸುತ್ತಲೇ ಇರುತ್ತದೆ, ನೀರು ಅದನ್ನು ತಡೆಯುತ್ತದೆ. ಆ ಪದರ ಉಳಿದರೆ ಎಷ್ಟೋ ಸಲ ಕಸಿಯೇ ಬೇಕಾಗುವುದಿಲ್ಲ. ಸುಟ್ಟು ಮೂರು ಗಂಟೆಯೊಳಗೆ ಯಾವಾಗ ಹಾಕಿದರೂ ಪ್ರಯೋಜನ ಉಂಟು. ಐಸ್ ಬೇಡ. ಅರಿಶಿನ, ಟೂತ್‌ಪೇಸ್ಟ್, ದೋಸೆ ಹಿಟ್ಟು, ಕಾಫಿ ಪುಡಿ, ತುಪ್ಪ, ಇಂಕು ಯಾವುದೂ ಬೇಡ. ಹಚ್ಚಿದ್ದನ್ನು ಡಾಕ್ಟರು ಕೆರೆದು ತೆಗೆಯಬೇಕು, ಆ ನೋವು ಸುಟ್ಟ ನೋವಿಗಿಂತ ಜಾಸ್ತಿ.

ಬಳೆ, ಉಂಗುರ, ಕಾಲುಂಗುರ, ಕಾಲ್ಗೆಜ್ಜೆ ಬೇಗ ತೆಗೆಯಿರಿ, ಊತ ಬಂದ ಮೇಲೆ ತೆಗೆಯಲಾಗದು. ಅಂಟಿಕೊಂಡ ಬಟ್ಟೆ ಕೀಳಬೇಡಿ. ಬೊಬ್ಬೆ ಒಡೆಯಬೇಡಿ. ನೀರು ಹಾಕಿದ ಮೇಲೆ ಒಗೆದ ಹತ್ತಿಯ ಬಟ್ಟೆಯನ್ನು ಸಡಿಲವಾಗಿ ಹೊದಿಸಿ. ಮಕ್ಕಳಾದರೆ ಸುಟ್ಟ ಜಾಗ ಮಾತ್ರ ತಣ್ಣಗಿರಲಿ, ಉಳಿದ ಮೈ ಬೆಚ್ಚಗಿರಲಿ. ಕರೆಂಟು ಹೊಡೆದಿದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ. ಹೊರಗೆ ಸಣ್ಣ ಕಲೆ ಕಂಡರೂ ಒಳಗೆ ದೊಡ್ಡ ಗಾಯ ಇರಬಹುದು.

ಸುಟ್ಟವರ ಅಂಗೈ, ಬೆರಳೂ ಸೇರಿ, ಅವರ ಮೈಯ ನೂರರಲ್ಲಿ ಒಂದು ಭಾಗ. ದೊಡ್ಡವರಿಗೆ ಹತ್ತು ಅಂಗೈ, ಮಕ್ಕಳಿಗೆ ಐದು ಅಂಗೈಗಿಂತ ಹೆಚ್ಚು ಸುಟ್ಟರೆ ಬರ್ನ್ಸ್ ವಾರ್ಡ್ ಇರುವ ಆಸ್ಪತ್ರೆಗೇ ಹೋಗಿ. ಮುಖ, ಕೈ, ಪಾದ, ಗುಪ್ತಾಂಗ, ಕೀಲು ಸುಟ್ಟರೆ, ಹೊಗೆ ಕುಡಿದಿದ್ದರೆ, ಆ್ಯಸಿಡ್ ಬಿದ್ದಿದ್ದರೆ ಅಂಗೈ ಲೆಕ್ಕ ಬೇಡ, ನೇರ ಹೊರಡಿ. ಆಂಬುಲೆನ್ಸಿಗೆ ಇಲ್ಲೂ 108.

*ಸುಟ್ಟ ಹೊತ್ತು ಬರೆದಿಟ್ಟುಕೊಳ್ಳಿ.* ಇದಕ್ಕೆ ಕಾರಣ ಇದೆ. 60 ಕಿಲೋ ತೂಕದವರ ಮೈ ಶೇ 40ರಷ್ಟು ಸುಟ್ಟಿದ್ದರೆ, ಪಾರ್ಕ್‌ಲ್ಯಾಂಡ್ ಎಂಬ ಹಳೆಯ ಲೆಕ್ಕದ ಪ್ರಕಾರ ಮೊದಲ 24 ಗಂಟೆಯಲ್ಲಿ 9.6 ಲೀಟರ್ ಸಲೈನ್ ಬೇಕು. ಅದರ ಅರ್ಧ ಮೊದಲ ಎಂಟು ಗಂಟೆಯಲ್ಲೇ ಹೋಗಬೇಕು. ಆ ಎಂಟು ಗಂಟೆ ಎಣಿಸುವುದು ಸುಟ್ಟ ಕ್ಷಣದಿಂದ, ಆಸ್ಪತ್ರೆ ತಲುಪಿದ ಹೊತ್ತಿನಿಂದಲ್ಲ. ಮೊದಲು ಪಕ್ಕದ ಕ್ಲಿನಿಕ್ಕು, ಆಮೇಲೆ ಇನ್ನೊಂದು, ಊರಿಂದ ಅಣ್ಣ ಬರಲಿ ಎಂದು ಕಾದರೆ ಆ ಎಂಟು ಗಂಟೆ ಕಳೆದೇ ಹೋಗುತ್ತದೆ.

ಮರಾಠಿ ಬಾರದವರು ಇಷ್ಟು ಕಲಿತಿರಿ: "ಗರಮ್ ಪಾಣ್ಯಾನಂ ಭಾಜಲಂ" ಎಂದರೆ ಬಿಸಿನೀರಿನಿಂದ ಸುಟ್ಟಿತು. "ಆಗೀನಂ ಭಾಜಲಂ" ಎಂದರೆ ಬೆಂಕಿಯಿಂದ. "ಶಾಕ್ ಲಾಗಲಾ" ಎಂದರೆ ಕರೆಂಟು. ಸುಟ್ಟ ಕೇಸಿಗೆ ಪೊಲೀಸರು ಬಂದು ಹೇಳಿಕೆ ಪಡೆಯುವುದು ಕಾನೂನಿನ ಪದ್ಧತಿ, ಅದಕ್ಕೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ. ಕರ್ನಾಟಕದಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡ್ ಆ ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಮಹಾರಾಷ್ಟ್ರದಲ್ಲೂ ನಡೆಯುತ್ತದೆ, ಸುಟ್ಟಗಾಯದ ಚಿಕಿತ್ಸೆ ಅದರಲ್ಲಿ ಸೇರಿದೆ. ಕಾರ್ಡಿನ ಫೋಟೋ ಮನೆಯ ಎಲ್ಲರ ಫೋನಿನಲ್ಲಿ ಇರಲಿ.

*ಚರ್ಮದಾನದ ಬಗ್ಗೆ ನೀವು ಕೇಳುವ ಪ್ರಶ್ನೆಗಳು*

ಮರಾಠಿಯಲ್ಲಿ ಇದಕ್ಕೆ ತ್ವಚಾದಾನ ಎನ್ನುತ್ತಾರೆ. ಸ್ಕಿನ್ ಬ್ಯಾಂಕಿಗೆ ತ್ವಚಾ ಪೇಢಿ.

"ಹೆಣ ವಿಕಾರ ಆಗುತ್ತಾ?" ಇಲ್ಲ. ತೊಡೆ, ಕಾಲು, ಬೆನ್ನಿನಿಂದ ಮಾತ್ರ ತೆಗೆಯುತ್ತಾರೆ, ಅದೂ ಈರುಳ್ಳಿ ಪೊರೆಯಂಥ ಮೇಲಿನ ತೆಳು ಪದರ. ರಕ್ತ ಸುರಿಯುವುದಿಲ್ಲ. ಮುಖ, ಎದೆ, ಕೈ ಮುಟ್ಟುವುದಿಲ್ಲ. ಪಟ್ಟಿ ಸುತ್ತಿ ಕೊಡುತ್ತಾರೆ, ಮೇಲೆ ಪಂಚೆಯೋ ಸೀರೆಯೋ ಉಡಿಸಿದರೆ ಏನೂ ಕಾಣುವುದಿಲ್ಲ. ನಮ್ಮ ಲಿಂಗಾಯತರಲ್ಲಿ ಕೂರಿಸಿ ದರ್ಶನಕ್ಕೆ ಇಡುವವರಿಗೂ, ಸುಡುವವರಿಗೂ, ಹೂಳುವವರಿಗೂ ವಿಧಿಗೆ ಅಡ್ಡಿಯಾಗದು. ಕೆಲಸ ಮುಕ್ಕಾಲು ಗಂಟೆಯದು, ತಂಡ ಮನೆಗೇ ಬರುವುದುಂಟು.

"ಶುಗರ್, ಬಿಪಿ ಇದ್ದರೆ?" ಕೊಡಬಹುದು. 18 ದಾಟಿದ ಯಾರಾದರೂ ಕೊಡಬಹುದು, ಮೇಲಿನ ವಯಸ್ಸಿಗೆ ಮಿತಿ ಇಲ್ಲವೆಂದೇ ಹೇಳಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಸಿ, ಚರ್ಮದ ಕ್ಯಾನ್ಸರ್, ಮೈಗೆಲ್ಲ ನಂಜೇರಿದ್ದರೆ ಆಗದು. ರಕ್ತದ ಗುಂಪು ಹೊಂದಬೇಕಾಗಿಲ್ಲ, ಯಾರ ಚರ್ಮವನ್ನಾದರೂ ಯಾರಿಗಾದರೂ ಹೊದಿಸಬಹುದು. ಗ್ಲಿಸರಿನ್‌ನಲ್ಲಿಟ್ಟು ಫ್ರಿಜ್ಜಿನ ತಂಪಿನಲ್ಲಿ ಕಾಪಾಡಿದರೆ ಐದು ವರ್ಷದವರೆಗೆ ಉಳಿಯುತ್ತದೆ.

"ಬದುಕಿರುವಾಗ ಫಾರ್ಮ್ ತುಂಬಿರಬೇಕಾ?" ತುಂಬಿದ್ದರೆ ಒಳ್ಳೆಯದು, ತುಂಬದಿದ್ದರೂ ಹತ್ತಿರದ ಸಂಬಂಧಿಕರು ಒಪ್ಪಿದರೆ ಸಾಕು. ತುಂಬಿದ್ದರೂ ಮನೆಯವರು ಬೇಡ ಎಂದರೆ ನಡೆಯುವುದಿಲ್ಲ. ಆದ್ದರಿಂದ ಫಾರ್ಮಿಗಿಂತ ಮುಖ್ಯವಾದದ್ದು ಮನೆಯಲ್ಲಿ ಈ ಮಾತನ್ನು ಮೊದಲೇ ಆಡಿರುವುದು. ಅಪ್ಪ ಅಮ್ಮ ಊರಲ್ಲಿದ್ದರೆ ಹಬ್ಬಕ್ಕೆ ಹೋದಾಗ ಕೇಳಿ. "ಅಪಶಕುನದ ಮಾತು ಯಾಕೆ" ಎಂದು ಮೊದಲು ಬೈಯಬಹುದು. ಕಣ್ಣುದಾನಕ್ಕೂ ಮೊದಲು ಹಾಗೇ ಬೈಯುತ್ತಿದ್ದರು.

ಸಾವಾದ ಆರು ಗಂಟೆಯೊಳಗೆ ಚರ್ಮ ತೆಗೆಯಬೇಕು, ಹಾಗಾಗಿ ಫೋನು ಮೊದಲ ಗಂಟೆಯಲ್ಲೇ ಹೋಗಲಿ. ಕೋಣೆ ತಂಪಾಗಿರಲಿ. ಡಾಕ್ಟರರ ಮರಣ ಪ್ರಮಾಣಪತ್ರ ಕೈಯಲ್ಲಿರಲಿ. ಕಣ್ಣನ್ನೂ ಕೊಡುವುದಾದರೆ ರೆಪ್ಪೆ ಮುಚ್ಚಿ, ಫ್ಯಾನ್ ಆರಿಸಿ, ತಲೆ ಸ್ವಲ್ಪ ಎತ್ತರಕ್ಕೆ ಇಡಿ. ಹತ್ತಿರದ ಸ್ಕಿನ್ ಬ್ಯಾಂಕಿನ ನಂಬರನ್ನು ಇವತ್ತೇ ಆಸ್ಪತ್ರೆಗೆ ಕೇಳಿ ಫೋನಿನಲ್ಲಿ ಉಳಿಸಿಕೊಳ್ಳಿ. ಅದು ಸಿಗದಿದ್ದರೆ ಅಂಗಾಂಗ ದಾನದ ರಾಷ್ಟ್ರೀಯ ಉಚಿತ ಸಹಾಯವಾಣಿ 1800 11 4770.